ಒಲಿಂಡಾ ಬಾಯಿಯ ಟೇಪ್ ರೆಕಾರ್ಡರ್

ನೆರೆಮನೆಗಳಿಂದ ಬರುತ್ತಿದ್ದ ಗಂಜಿಯ ಪಾತ್ರೆಗಳು ಆ ಬೆಳಿಗ್ಗೆ ಬರಲಿಲ್ಲ. ಇನ್ನು ಸಾಕು, ನಮ್ಮ ಒಲೆ ನಾವು ಹಚ್ಚುತ್ತೇವೆ ಎಂದು ವೆರೊನಿಕಾ ಹಿಂದಿನ ದಿನವೇ ಹೇಳಿ ಕಳಿಸಿದ್ದರು. ತೀರಿಹೋದ ಮಗ ಕಾರ್ಲ್ಟನ್‌ನ ಏಳನೇ ದಿನದ ಪೂಜೆ ಮುಗಿದಿತ್ತು. ಬಹರೈನಿನ ನೆಂಟರು ವಿಮಾನ ಹತ್ತಿ ಆಗಿತ್ತು. ಬಾಡಿಗೆ ಕುರ್ಚಿಗಳನ್ನು ಟೆಂಪೋ ಬಂದು ಒಯ್ದಿತ್ತು. ಅಂಗಳದ ಮಣ್ಣಿನಲ್ಲಿ ಅವುಗಳ ಕಾಲಿನ ತೂತುಗಳು ಮಾತ್ರ ಸಾಲು ಸಾಲಾಗಿ ಉಳಿದಿದ್ದವು. ಕಲ್ಯಾಣಪುರದ ಆ ಸಣ್ಣ ಮನೆಯಲ್ಲಿ ಈಗ ಅತ್ತೆ ಮತ್ತು ಸೊಸೆ, ಇಬ್ಬರೇ.

ವೆರೊನಿಕಾ ಅಕ್ಕಿ ತೊಳೆದು ಕುಕ್ಕರ್ ಇಟ್ಟರು. ಅದು ಮೊದಲ ಸೀಟಿ ಹಾಕಿದಾಗ ಲವಿಟಾ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದುದನ್ನು ಮಂಚದ ಮೇಲೆ ಎಸೆದು ಅಡುಗೆಮನೆಗೆ ಓಡಿ ಬಂದು ಗ್ಯಾಸ್ ಆರಿಸಿಬಿಟ್ಟಳು.

"ಎಂತಾಯ್ತು ಬಾಯೆ? ಇನ್ನೂ ಬೇಯಲಿಕ್ಕೆ ಉಂಟು," ಎಂದರು ವೆರೊನಿಕಾ.

ಲವಿಟಾ ಒಲೆಯ ಮುಂದೆ ನಿಂತೇ ಇದ್ದಳು. ಯಾಕೆ ಓಡಿ ಬಂದೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಮದುವೆಯಾದಂದಿನಿಂದ ಈ ಮನೆಯಲ್ಲಿ ಅವಳ ಪಾಲಿನ ಓಟ ಅದು. ಕಾರ್ಲ್ಟನ್ ಒಳಗೆ ಕೂತು ಹಾಡು ರೆಕಾರ್ಡ್ ಮಾಡುವಾಗ ಕುಕ್ಕರ್ ಕೂಗಬಾರದು, ಫ್ಯಾನ್ ತಿರುಗಬಾರದು, ಮೀನಿನವಳು ಗೇಟಿನ ಹತ್ತಿರ ಬಂದರೆ ಸನ್ನೆಯಲ್ಲೇ ವ್ಯಾಪಾರ ಮುಗಿಸಬೇಕು.

"ಏನಿಲ್ಲ ಮಾಂಯ್," ಎಂದು ಗ್ಯಾಸನ್ನು ಮತ್ತೆ ಹಚ್ಚಿದಳು.

ಅತ್ತೆ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು.

ಕಾರ್ಲ್ಟನ್ ಕಾರ್ಕಳದ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಅದು ಹೊಟ್ಟೆಪಾಡು. ಅವನ ಜೀವ ಇದ್ದದ್ದು ವೊವಿಯೊಗಳಲ್ಲಿ. ಕ್ರೈಸ್ತರ ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಆಗ ಹೆಂಗಸರು ಹಾಡುವ ಕೊಂಕಣಿ ಹಾಡುಗಳೇ ವೊವಿಯೊ. ಈಗ ರೋಸಿನ ಮನೆಗಳಲ್ಲಿ ಡಿಜೆ ಬಂದಿದೆ. ಹಾಡು ಗೊತ್ತಿದ್ದ ಅಜ್ಜಿಯಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಹೋಗುವ ಮೊದಲು ಹಿಡಿದಿಡಬೇಕು ಎಂದು ಅವನು ಭಾನುವಾರ ಭಾನುವಾರ ಸ್ಕೂಟರ್ ಹತ್ತುತ್ತಿದ್ದ. ಹಿಂದೆ ಮೈಕಿನ ಚೀಲ ತಬ್ಬಿಕೊಂಡು ಲವಿಟಾ.

ಹೆಜಮಾಡಿಯಲ್ಲಿ ಒಬ್ಬ ಅಜ್ಜಿ ಸುಮ್ಮನೆ ಕೂತರೆ ಹಾಡು ಬರುವುದಿಲ್ಲ ಎಂದು ಮೀನು ಕೊಯ್ಯುತ್ತಾ ಹಾಡಿದ್ದಳು. ರೆಕಾರ್ಡಿನ ಉದ್ದಕ್ಕೂ ಮೆಟ್ಟುಕತ್ತಿಯ ಕರಕರ. ಕಾಪುವಿನಲ್ಲಿ ಕಡಲ ಗಾಳಿ ಮೈಕಿಗೆ ಬಡಿಯುತ್ತದೆ ಎಂದು ಕಾರ್ಲ್ಟನ್ ತನ್ನ ಕಾಲುಚೀಲ ಬಿಚ್ಚಿ ಮೈಕಿಗೆ ತೊಡಿಸಿದಾಗ ಅಲ್ಲಿಯ ಅಜ್ಜಿ, "ಗಂಡಸರ ಕಾಲುಚೀಲಕ್ಕೆ ನಾನು ಹಾಡುವವಳಲ್ಲ," ಎಂದು ಬೆನ್ನು ತಿರುಗಿಸಿ ಕೂತಿದ್ದಳು. ಲವಿಟಾ ತನ್ನ ಶಾಲು ಕೊಟ್ಟ ಮೇಲೆ ತಿರುಗಿದಳು. ಇದೆಲ್ಲದರಲ್ಲಿ ಕಾರ್ಲ್ಟನ್‌ನದು ಒಂದು ಹಟ: ರೆಕಾರ್ಡಿನಲ್ಲಿ ತನ್ನ ಧ್ವನಿ ಎಲ್ಲೂ ಬರಬಾರದು. ಕೇಳುವವನ ಮಾತು ಹಾಡಿನಲ್ಲಿ ಯಾಕೆ ಎನ್ನುತ್ತಿದ್ದ. ಶುರು ಮಾಡಿ ಎನ್ನುವುದಕ್ಕೂ ಕೈಸನ್ನೆ, ಸಾಕು ಎನ್ನುವುದಕ್ಕೂ ಕೈಸನ್ನೆ.

ಹೀಗೆ ಬದುಕಿದವನು ಮಣಿಪಾಲದಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ಬಸ್ಸು ಬಂತು. ಅವನು ಏಳಲಿಲ್ಲ.

ಕುಕ್ಕರ್ ಇಳಿಸಿ, ತಿಂಡಿ ಮುಗಿಸಿ, ತಟ್ಟೆ ಎತ್ತುವ ಹೊತ್ತಿಗೆ ಫೋನ್ ಬಂತು. ಕಾರ್ಲ್ಟನ್‌ಗೆ ಹಾಡಿಕೊಟ್ಟ ಅಜ್ಜಿಯರಲ್ಲಿ ಒಬ್ಬರು, ಕಾರ್ಕಳದ ಹತ್ತಿರ ಕುಕ್ಕುಂದೂರಿನ ಒಲಿಂಡಾ ಬಾಯಿ.

"ತಿಂಡಿ ಆಯ್ತಾ ಬಾಯೆ?"

"ಆಯ್ತು. ನಿಮ್ಮದು?"

"ಆಯ್ತು. ನೋಡು, ಬರುವ ಭಾನುವಾರ ನಮ್ಮ ಝೀಟಾಳ ರೋಸ್. ನಿನಗೆ ಹೇಳದೆ ಮಾಡಿದ್ರು ಅಂತ ಆಗಬಾರದು. ಮುಂದೆ ಹಾಕುವ ಅಂತ ನಾನು ಹೇಳಿದೆ. ಹುಡುಗನಿಗೆ ರಜೆ ಇಲ್ಲ."

"ಮುಂದೆ ಹಾಕ್ಬೇಡಿ ಒಲಿಂಡಾ ಬಾಯಿ. ಹೇಳಿದ ದಿನವೇ ಆಗಲಿ."

"ಮತ್ತೆ ಆ ಟೇಪಿನ ಮಿಷನ್. ಅದು ನಿನ್ನ ಹತ್ತಿರವೇ ಇರಲಿ, ಆಯ್ತಾ? ಅದಕ್ಕೋಸ್ಕರ ನೀನು ತಲೆ ಬಿಸಿ ಮಾಡ್ಲಿಕ್ಕಿಲ್ಲ. ಹಾಡಿಗೆ ಎಂತ, ಯಾರಾದರೂ ಹಾಡ್ತಾರೆ. ಇಲ್ಲದಿದ್ರೆ ಡಿಜೆ ಉಂಟಲ್ಲ."

ಡಿಜೆ ಎನ್ನುವಾಗ ಮುದುಕಿಯ ಧ್ವನಿ ಒಂದು ಮೆಟ್ಟಿಲು ಕೆಳಗಿಳಿಯಿತು. ಲವಿಟಾಳಿಗೆ ಅದು ಕೇಳಿಸಿತು.

ಒಲಿಂಡಾ ಬಾಯಿಯ ಮನೆತನದಲ್ಲಿ ಒಂದು ರೂಢಿ. ರೋಸಿನ ಮೊದಲ ಹಾಡನ್ನು ಗಂಡ ಬದುಕಿರುವ ಹೆಂಗಸೇ ಎತ್ತಿಕೊಡಬೇಕು. ಒಲಿಂಡಾ ಬಾಯಿಯ ಗಂಡ ಬಹರೈನಿನಲ್ಲಿ ತೀರಿಹೋದಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಆ ಮಗಳ ರೋಸಿನ ದಿನ ಒಲಿಂಡಾ ಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತಾಯಿ ಸೆರಾಫಿನಾ ಕಲಿಸಿದ ಹಾಡು ಪೂರ್ತಿ ಬಾಯಲ್ಲಿತ್ತು. ದೂರದ ಸಂಬಂಧದ ಯಾರೋ ಅದನ್ನು ತಪ್ಪು ತಪ್ಪಾಗಿ ಎತ್ತಿಕೊಟ್ಟರು. ಇವರು ಕೇಳುತ್ತಾ ನಿಂತರು. ಈಗ ಮೊಮ್ಮಗಳು ಝೀಟಾಳ ಸರದಿ.

ಸೆರಾಫಿನಾ ಹಾಡಿದ ಹಳೆಯ ಕ್ಯಾಸೆಟ್ ಒಂದು ಒಲಿಂಡಾ ಬಾಯಿಯ ಹತ್ತಿರ ಇತ್ತು. ಅದನ್ನು ಕೇಳಿದ ದಿನ ಕಾರ್ಲ್ಟನ್ ಕೂತಲ್ಲೇ ಕುಣಿದಿದ್ದ.

"ಒಲಿಂಡಾ ಬಾಯಿ, ಇದು ಯಾರು ಕೆಮ್ಮುವುದು ಹಿಂದೆ?"

"ನನ್ನ ಪಪ್ಪಾ. ಅಮ್ಮ ಹಾಡುವಾಗ ಪಕ್ಕದಲ್ಲೇ ಬೀಡಿ ಸೇದ್ತಾ ಕೂತಿದ್ರು."

"ಮತ್ತೆ ಎಂತ ಬೇಕು ನಿಮಗೆ? ಗಂಡ ಜೀವಂತ ಕೂತು ಕೆಮ್ಮುತ್ತಾ ಇದ್ದಾರೆ. ಝೀಟಾಳ ರೋಸಿಗೆ ಮೊದಲ ಹಾಡು ನಿಮ್ಮ ಅಮ್ಮನೇ ಎತ್ತಿಕೊಡಲಿ. ಯಾವ ಪಾದ್ರಿ ಬಂದು ತಪ್ಪು ಹೇಳ್ತಾರೆ ನೋಡುವ!"

ಒಲಿಂಡಾ ಬಾಯಿ ಸೆರಗನ್ನು ಬಾಯಿಗಿಟ್ಟು ನಕ್ಕಿದ್ದರು. ಕ್ಯಾಸೆಟ್ ಮತ್ತು ಅದನ್ನು ಹಾಕುವ ರೆಕಾರ್ಡರ್ ಎರಡನ್ನೂ ಅವನ ಕೈಗೆ ಕೊಟ್ಟಿದ್ದರು. ರೋಸಿನ ಮೊದಲು ಹಿಂದೆ ಕೊಡುತ್ತೇನೆ ಎಂದು ಅವನು ಹೇಳಿದ್ದ. ಹಾಡನ್ನು ಒಂದು ಸಲ ಕಂಪ್ಯೂಟರಿಗೆ ತೆಗೆದುಕೊಂಡ. ಎರಡನೇ ಸಲ ಹಾಕಿದಾಗ ಹಳೆಯ ಟೇಪು ಚಕ್ರಕ್ಕೆ ಸುತ್ತಿಕೊಂಡು ತುಂಡು ತುಂಡಾಯಿತು. ಅದನ್ನೂ ಒಲಿಂಡಾ ಬಾಯಿಗೆ ಹೇಳಿದ್ದ. "ನಿನ್ನ ಕಂಪ್ಯೂಟರಿನಲ್ಲಿ ಉಂಟಲ್ಲ, ಸಾಕು," ಎಂದಿದ್ದರು ಅವರು. ರೆಕಾರ್ಡರಿನ ಚಕ್ರ, ಬೆಲ್ಟು ಎಲ್ಲ ಅವನು ಸರಿ ಮಾಡಿ ಇಟ್ಟಿದ್ದ. ಕೊಟ್ಟು ಬರುವುದಷ್ಟೇ ಬಾಕಿ.

ಫೋನ್ ಇಟ್ಟು ಲವಿಟಾ ಲ್ಯಾಪ್‌ಟಾಪ್ ತೆರೆದಳು.

ಫೋಲ್ಡರಿನಲ್ಲಿ ಸಾವಿರಕ್ಕೂ ಹೆಚ್ಚು ಹಾಡುಗಳಿದ್ದವು. ಹೆಸರುಗಳಿಲ್ಲ, ಬರೀ ಸಂಖ್ಯೆಗಳು. ಯಾವ ಸಂಖ್ಯೆ ಯಾವ ಅಜ್ಜಿಯದು, ಯಾವ ಊರಿನದು ಎಂಬುದೆಲ್ಲ ಡೇಟಾಬೇಸಿನಲ್ಲಿ. ಅದನ್ನು ತೆರೆದು ತೋರಿಸುವುದಕ್ಕೆ ಕಾರ್ಲ್ಟನ್ ಪಿಎಚ್‌ಪಿ ಎಂಬ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದ. ಹಸಿರು ಬಣ್ಣದ ಪುಟ, ಮೇಲೆ ಹುಡುಕುವ ಒಂದು ಪೆಟ್ಟಿಗೆ. ಅವಳು ಅದನ್ನು ನೂರು ಸಲ ನೋಡಿದ್ದಳು. ಈಗ ಹಸಿರು ಪುಟ ಬರಲಿಲ್ಲ. ಬಿಳಿಯ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಡೇಟಾಬೇಸನ್ನು ಮುಟ್ಟಲು ಬೇಕಾದ, ಡ್ರೈವರ್ ಎಂಬ ಸಣ್ಣ ತಂತ್ರಾಂಶ ಕಾಣುತ್ತಿಲ್ಲ ಎಂದು ಅದರ ಅರ್ಥ.

ಲವಿಟಾ ಮಂಗಳಗಂಗೋತ್ರಿಯಲ್ಲಿ ಗ್ರಂಥಾಲಯ ವಿಜ್ಞಾನ ಓದಿದವಳು. ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸಂಖ್ಯೆ ಕೊಡುವುದೇ ಅವಳ ಕೆಲಸ. ಕ್ಯಾಟಲಾಗ್ ಕೈಕೊಟ್ಟರೆ ಕಪಾಟಿನಲ್ಲಿ ಪುಸ್ತಕ ಇದ್ದೂ ಇಲ್ಲದ ಹಾಗೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೆರಾಫಿನಾ ಈ ಸಾವಿರದಲ್ಲಿ ಎಲ್ಲೋ ಇದ್ದಳು. ಒಂದೊಂದಾಗಿ ಕೇಳುತ್ತಾ ಹೋದರೆ ಭಾನುವಾರ ದಾಟಿ ಹೋಗುತ್ತದೆ.

ಕೊನೆಯ ಸಲ ಈ ಲ್ಯಾಪ್‌ಟಾಪ್ ಮುಟ್ಟಿದವನು ಜೇಮ್ಸ್, ಕಾರ್ಲ್ಟನ್‌ನ ಚಿಕ್ಕಪ್ಪನ ಮಗ; ಅವನ ಬಾಯಲ್ಲಿ ಇವಳು ವೊನಿ, ಅಂದರೆ ಅತ್ತಿಗೆ. ಕಾಪುವಿನಲ್ಲಿ ಅವನ ಫೋಟೋ ಸ್ಟುಡಿಯೋ. ಗಲ್ಫಿನಲ್ಲಿರುವವರು ನೋಡಬೇಕೆಂದು ಅಂತ್ಯಕ್ರಿಯೆಯನ್ನು ಲೈವ್ ಕೊಟ್ಟದ್ದು ಅವನೇ. ಅವನ ಸ್ವಂತ ಲ್ಯಾಪ್‌ಟಾಪ್ ಅಂದು ಯಾವುದೋ ಮದುವೆಗೆ ಹೋಗಿದ್ದರಿಂದ ಇದನ್ನೇ ತೆಗೆದುಕೊಂಡಿದ್ದ.

"ಜೇಮ್ಸ್, ಲ್ಯಾಪ್‌ಟಾಪಿಗೆ ನೀನು ಎಂತ ಮಾಡಿದ್ದಿ?" ಎಂದು ಕೇಳಿದಳು ಫೋನಿನಲ್ಲಿ.

"ನಾನಾ? ಎಂತ ಇಲ್ಲ ವೊನಿ. ಲೈವ್ ಕೊಟ್ಟದ್ದು, ಅಷ್ಟೇ."

"ಅದಕ್ಕೆ ಮೊದಲು?"

"ಅದಕ್ಕೆ ಮೊದಲು... ಲೈವಿನ ಸಾಫ್ಟ್‌ವೇರ್ ಅದರಲ್ಲಿ ಕೂತುಕೊಳ್ಳಲಿಲ್ಲ. ಸಿಸ್ಟಮ್ ಪೂರಾ ಅಪ್‌ಗ್ರೇಡ್ ಆಗ್ಬೇಕು ಅಂತ ಹೇಳ್ತು. ಮಾಡಿದೆ. ಕಡೆಗೆ, ಬೇಡದ್ದನ್ನೆಲ್ಲ ತೆಗೀಲಾ ಅಂತ ಕೇಳ್ತು. ತೆಗಿ ಅಂದೆ. ದೋಹಾದಿಂದ ಆಲ್ಫೋನ್ಸ್ ಬಾಪ್ಪು ಫೋನ್ ಮೇಲೆ ಫೋನ್, ಚಿತ್ರ ಯಾಕೆ ಬರೂದಿಲ್ಲ ಅಂತ. ನನಗೆ ಆಗ ತಲೆ ಎಲ್ಲಿತ್ತು ವೊನಿ?"

ಕಾರ್ಲ್ಟನ್‌ನನ್ನು ಕಳಿಸಿಕೊಡುವ ಗಡಿಬಿಡಿಯಲ್ಲಿ ಅವನ ಹಾಡುಗಳ ಬೀಗದಕೈಯೂ ಬೇಡದ್ದರ ಜೊತೆಗೆ ಹೋಗಿತ್ತು. ಲವಿಟಾಳಿಗೆ ಸಿಟ್ಟು ಬರಲಿಲ್ಲ. ಆ ವಾರ ಅವಳಿಗೆ ಯಾವುದೂ ಬರುತ್ತಿರಲಿಲ್ಲ.

"ಪಾಸ್‌ವರ್ಡ್ ಯಾರು ಕೊಟ್ಟದ್ದು ನಿನಗೆ?"

"ನೀವೇ ವೊನಿ. ಶವಪೆಟ್ಟಿಗೆಯ ಹತ್ತಿರ ಕೂತಿದ್ರಿ. ನಾನು ಬಗ್ಗಿ ಕಿವಿಯಲ್ಲಿ ಕೇಳಿದೆ. ನೀವು ಹೇಳಿದ್ರಿ. ಬಂಗುಡೆ ಪುಳಿಮುಂಚಿ, ಎಲ್ಲ ಸಣ್ಣಕ್ಷರ ಅಂತ. ಎದುರು ಕೂತಿದ್ದ ಒಲಿಂಡಾ ಬಾಯಿ ನೀವು ಪ್ರಾರ್ಥನೆ ಮಾಡಿದ್ದು ಅಂತ ಗ್ರಹಿಸಿ ಶಿಲುಬೆ ಗುರುತು ಮಾಡಿ ಆಮೆನ್ ಅಂದ್ರು."

ಒಂದು ಮೀನುಸಾರಿನ ಹೆಸರಿಗೆ ಆಮೆನ್. ಲವಿಟಾಳಿಗೆ ಬಂದದ್ದು ನಗುವೋ ಅಳುವೋ ತಿಳಿಯುವ ಮೊದಲೇ ಹೋಗಿಬಿಟ್ಟಿತು.

"ನಾನು ಬಂದು ನೋಡ್ಲಾ?" ಎಂದ ಜೇಮ್ಸ್.

"ಬೇಡ. ನೀನು ನೋಡಿದ್ದು ಸಾಕು," ಎಂದಳು. "ನಿನ್ನ ಸ್ಟುಡಿಯೋದಲ್ಲಿ ಖಾಲಿ ಕ್ಯಾಸೆಟ್ ಉಂಟಾ? ಹಳೇ ಕಾಲದ್ದು?"

"ಹುಡುಕಿದ್ರೆ ಇರಬಹುದು. ಎಂತಕ್ಕೆ?"

"ಹುಡುಕು."

ಯಂತ್ರಕ್ಕೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಪ್ಪು ಕಿಟಕಿಯನ್ನು ಅವಳು ತೆರೆದಳು. ಕಾರ್ಲ್ಟನ್ ಕೆಲಸ ಮಾಡುವಾಗ ಅವಳು ಹಿಂದೆ ನಿಂತು ತಲೆ ಒರೆಸಿಕೊಳ್ಳುತ್ತಾ ನೋಡುತ್ತಿದ್ದ ಕಿಟಕಿ. ಅವನು ಬೆರಳುಗಳನ್ನೇ ನೋಡದೆ ಟೈಪ್ ಮಾಡುತ್ತಿದ್ದ. ಇವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪಿಎಚ್‌ಪಿಯ ಹಳೆಯ ಆವೃತ್ತಿ ಯಂತ್ರದಲ್ಲಿ ಇನ್ನೂ ಇತ್ತು, ಡೇಟಾಬೇಸಿನೊಡನೆ ಮಾತಾಡಲು ಅದಕ್ಕೆ ಬೇಕಾದ ಮಾಡ್ಯೂಲ್, ಅಂದರೆ ಆ ಡ್ರೈವರ್, ಮಾತ್ರ ಇರಲಿಲ್ಲ. ಅದನ್ನೇ ಮತ್ತೆ ತರಿಸಲು ನೋಡಿದಳು. ಅಂಥದ್ದು ಸಿಗುವುದಿಲ್ಲ ಎಂದಿತು. ಇನ್ನೊಮ್ಮೆ ಕಾಗುಣಿತ ನೋಡಿ ಟೈಪ್ ಮಾಡಿದಳು. ಸಿಗುವುದಿಲ್ಲ. ಗ್ರಂಥಾಲಯದಲ್ಲಿ ಹಳೆಯ ಆವೃತ್ತಿಗಳನ್ನು ತೆಗೆದು ಕಪಾಟು ಖಾಲಿ ಮಾಡುವುದನ್ನು ಅವಳೇ ಎಷ್ಟೋ ಸಲ ಮಾಡಿದ್ದಳು. ಬೇಡಿಕೆ ಇಲ್ಲದ್ದು ಹೋಗುತ್ತದೆ. ಆಮೇಲೆ ಯಾರಾದರೂ ಬಂದು ಕೇಳುತ್ತಾರೆ.

ಜೇಮ್ಸ್ ಮಾಡಿದ ಅಪ್‌ಗ್ರೇಡಿನಲ್ಲಿ ಬಂದಿದ್ದ ಹೊಸ ಆವೃತ್ತಿಗೆ ಬೇಕಾದ ಮಾಡ್ಯೂಲ್ ಸಿಗುವಂತಿತ್ತು. ಅದನ್ನು ಕೇಳಿದಳು. ಯಂತ್ರ ಪಾಸ್‌ವರ್ಡ್ ಕೇಳಿತು. ಬಂಗುಡೆ ಪುಳಿಮುಂಚಿ, ಸಣ್ಣಕ್ಷರಗಳಲ್ಲಿ. ಸಾಲುಗಳು ಸರಸರನೆ ಮೇಲಕ್ಕೆ ಹೋದವು, ನಿಂತವು. ಸ್ಥಾಪನೆ ಆಯಿತು ಎಂದಿತು. ಅವಳು ಪ್ರೋಗ್ರಾಮ್ ತೆರೆದಳು.

ಅದೇ ಬಿಳಿಯ ಹಾಳೆ. ಅದೇ ಸಾಲು.

ವೆರೊನಿಕಾ ಚಹಾ ತಂದು ಪಕ್ಕದಲ್ಲಿ ಕುಳಿತರು. ಮಗ ಹೋದ ಮೇಲೆ ಈ ಕೋಣೆಗೆ ಅವರು ಬಂದದ್ದು ಅದೇ ಮೊದಲು.

"ಎಂತ ಆಗಿದೆ ಅದಕ್ಕೆ?"

"ಅವನು ಬರೆದ ಭಾಷೆ ಒಂದು ಕಡೆ ಉಂಟು ಮಾಂಯ್. ಹಾಡಿನ ವಿವರ ಇರುವ ಡೇಟಾಬೇಸ್ ಇನ್ನೊಂದು ಕಡೆ. ಎರಡೂ ಸರಿ ಉಂಟು. ಮಧ್ಯೆ ಮಾತಾಡಿಸುವ ಒಂದು ಮಾಡ್ಯೂಲ್ ಬೇಕು, ಅದು ಹೋಗಿದೆ."

"ಓಹೋ, ರಾಯಭಾರಿ ಇಲ್ಲ ಅಂತ ಹೇಳು. ಹುಡುಗ ಉಂಟು, ಹುಡುಗಿ ಉಂಟು, ಮಾತು ತೆಗೀಲಿಕ್ಕೆ ಜನ ಇಲ್ಲ."

"ಹಾಗೆಯೇ."

"ಬೇರೆ ರಾಯಭಾರಿಯನ್ನು ಕರಿ ಮಾರಾಯ್ತಿ. ಊರಿನಲ್ಲಿ ಒಬ್ಬನೇ ಇರೂದಾ?"

"ಕರೆದೆ. ಬಂದಿದ್ದಾನೆ. ಆದರೂ ಆಗೂದಿಲ್ಲ."

ವೆರೊನಿಕಾ ಯೋಚಿಸಿದರು. "ಅವ ಬೇರೆ ಮನೆಗೆ ಹೋಗಿ ಕೂತಿದ್ದಾನೋ ಎಂತದೋ. ನಿಮ್ಮ ಸಂಬಂಧಕ್ಕೂ ಹಾಗೆಯೇ ಆದದ್ದು ಗೊತ್ತುಂಟಲ್ಲ. ಆ ರಾಯಭಾರಿ ನಿನ್ನ ದೊಡ್ಡಪ್ಪನ ಮನೆಗೆ ಹೋಗಿ ಚಹಾ, ಕೇಕು ಎಲ್ಲ ಮುಗಿಸಿ ಬಂದಿದ್ದ, ಹುಡುಗಿಯ ಮನೆ ಅದೇ ಅಂತ."

ಲವಿಟಾ ಲೋಟ ಕೆಳಗಿಟ್ಟಳು. ಪ್ರೋಗ್ರಾಮನ್ನು ಎಬ್ಬಿಸುವುದಕ್ಕೆ ಕಾರ್ಲ್ಟನ್ ಮಾಡಿಟ್ಟಿದ್ದ ಒಂದು ಸಣ್ಣ ಕಡತ ಇತ್ತು. ಅದನ್ನು ತೆರೆದಳು. ಒಂದೇ ಸಾಲು. ಅದರಲ್ಲಿ ಅವನು ಪಿಎಚ್‌ಪಿಯ ಹಳೆಯ ಆವೃತ್ತಿಯನ್ನು ಅದರ ಸಂಖ್ಯೆ ಸಮೇತ ಹೆಸರು ಹಿಡಿದು ಕರೆದಿದ್ದ. ಹೊಸ ಮಾಡ್ಯೂಲ್ ಹೊಸದರ ಹತ್ತಿರ ಹೋಗಿ ಕೂತಿತ್ತು. ಪ್ರೋಗ್ರಾಮ್ ಪ್ರತಿ ಸಲವೂ ಹಳೆಯದನ್ನೇ ಕರೆಯುತ್ತಿತ್ತು.

ಸಂಖ್ಯೆ ಬದಲಾಯಿಸಿದರೆ ಸಾಕು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟವಳು ಹಾಗೆಯೇ ಕುಳಿತಳು. ಅವನ ಅಂಗಿಗಳು ಇನ್ನೂ ಕಪಾಟಿನಲ್ಲಿದ್ದವು. ಹಲ್ಲುಜ್ಜುವ ಬ್ರಶ್ಶು ಇದ್ದಲ್ಲೇ ಇತ್ತು. ಈ ಮನೆಯಲ್ಲಿ ಅವನು ಮಾಡಿಟ್ಟ ಯಾವುದನ್ನೂ ಅವಳು ಈವರೆಗೆ ಕದಲಿಸಿರಲಿಲ್ಲ.

ಆಮೇಲೆ ಅವನೇ ಮಾಡುತ್ತಿದ್ದ ಒಂದು ಕ್ರಮ ನೆನಪಾಯಿತು. ಸಾಲಿನ ಮುಂದೆ ಜಾಲರಿಯಂಥ ಒಂದು ಗುರುತು (#) ಇಟ್ಟರೆ ಯಂತ್ರ ಆ ಸಾಲನ್ನು ಓದದೆ ದಾಟಿ ಮುಂದೆ ಹೋಗುತ್ತದೆ. ತೆರೆದು ನೋಡುವವರಿಗೆ ಮಾತ್ರ ಅದು ಇದ್ದಲ್ಲೇ ಕಾಣುತ್ತದೆ. ಅವಳು ಅವನ ಸಾಲಿನ ಮುಂದೆ ಆ ಗುರುತು ಇಟ್ಟಳು. ಅದರ ಕೆಳಗೆ ಹೊಸ ಸಂಖ್ಯೆ ಹಾಕಿ ತನ್ನ ಸಾಲು ಬರೆದಳು.

ಹಸಿರು ಪುಟ ಬಂತು.

"ಬಂತಾ?" ಎಂದರು ವೆರೊನಿಕಾ.

"ಬಂತು ಮಾಂಯ್."

ವೆರೊನಿಕಾ ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದರು.

ಲವಿಟಾ ಹುಡುಕುವ ಪೆಟ್ಟಿಗೆಯಲ್ಲಿ ಕುಕ್ಕುಂದೂರು ಎಂದು ಬರೆದಳು. ಹೆಸರುಗಳು ಬಂದವು. ಪ್ರತಿ ಹೆಸರಿನ ಮುಂದೆ ಊರು, ಹಾಡಿನ ಮೊದಲ ಪದ, ಕೊನೆಗೆ ಅವನು ಮಾಡಿದ್ದ ಒಂದು ಅಂಕಣ: ಹಾಡುವಾಗ ಗಂಡ ಇದ್ದನೇ? ಇದಕ್ಕೂ ಒಂದು ಅಂಕಣ ಬೇಕಾ ಎಂದು ಅವಳು ಹಿಂದೆ ಕೀಟಲೆ ಮಾಡಿದ್ದಳು. ಮೊದಲ ಹಾಡಿಗೆ ಅದೇ ಮುಖ್ಯವಲ್ಲವಾ ಎಂದಿದ್ದ ಅವನು. ಒಲಿಂಡಾ: ಇಲ್ಲ. ಸೆರಾಫಿನಾ: ಹೌದು.

ಆಮೇಲೆ, ಯಾಕೋ, ಕಲ್ಯಾಣಪುರ ಎಂದು ಬರೆದು ನೋಡಿದಳು. ಹಲವು ಅಜ್ಜಿಯರ ಕೆಳಗೆ ಅವಳೂ ಇದ್ದಳು. ಹೊಸ ಮೈಕ್ ತಂದ ದಿನ ಪರೀಕ್ಷೆಗೆಂದು ಅವಳಿಂದ ಹಾಡಿಸಿದ್ದನ್ನು ಅವನು ಬಿಸಾಡಿರಲಿಲ್ಲ. ಲವಿಟಾ, ಅರ್ಧ ಹಾಡು ಮಾತ್ರ ಗೊತ್ತು. ಹಾಡುವಾಗ ಗಂಡ ಇದ್ದನೇ? ಹೌದು.

ಅವಳು ಅದನ್ನು ನೋಡಿದಳು. ಬದಲಾಯಿಸಬೇಕಾದ್ದು ಏನೂ ಇರಲಿಲ್ಲ. ಹಾಡುವಾಗ ಇದ್ದ.

ಸೆರಾಫಿನಾಳ ಹಾಡು ಒತ್ತಿದಳು. ಮೊದಲು ಟೇಪಿನ ಸುಸ್ಸೆಂಬ ಸದ್ದು, ಬೀಡಿಯ ಕೆಮ್ಮು, ಆಮೇಲೆ ಗಟ್ಟಿ ಧ್ವನಿಯ ಹಾಡು. ರೆಕಾರ್ಡರಿನಲ್ಲಿ ವಯರು ಸಿಕ್ಕಿಸುವ ತೂತು ಹಾಳಾಗಿದ್ದರಿಂದ ಕಾರ್ಲ್ಟನ್ ಅದರ ಸ್ಪೀಕರಿನ ಮುಂದೆ ಮೈಕ್ ಹಿಡಿದು, ಈ ಕೋಣೆಯಲ್ಲೇ, ಇದನ್ನು ತೆಗೆದಿದ್ದ. ಒಂದು ಚರಣ ಮುಗಿಯುತ್ತಿದ್ದಂತೆ ಹಿಂದಿನಿಂದ ಕುಕ್ಕರ್ ಸೀಟಿ ಹಾಕಿತು. ಯಾರೋ ಓಡಿದ ಸದ್ದು. ಏನೋ ಪಾತ್ರೆ ಬಿತ್ತು. ಮತ್ತೆ ಒಬ್ಬ ಹೆಂಗಸು ನಕ್ಕಳು. ತಡೆದುಕೊಳ್ಳಲು ನೋಡಿ, ಆಗದೆ, ಮೂಗಿನಿಂದ ಶುರುವಾಗಿ ಬಾಯಿ ಬಿಟ್ಟು ನಕ್ಕ ನಗೆ.

ಯಾರು ಇದು ಎಂದು ಲವಿಟಾ ನಿಜಕ್ಕೂ ಒಂದು ಗಳಿಗೆ ಯೋಚಿಸಿದಳು.

ಅಂದು ಅವನು ಮೈಕ್ ಹಿಡಿದ ಕೈ ಅಲ್ಲಾಡಿಸದೆ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ಭುಜ ಕುಣಿಸುತ್ತಾ ಸದ್ದಿಲ್ಲದೆ ನಕ್ಕಿದ್ದ. ಅದು ರೆಕಾರ್ಡಿನಲ್ಲಿ ಬರುವಂಥದ್ದಲ್ಲ. ಸೆರಾಫಿನಾ ಏನೂ ಆಗದವಳ ಹಾಗೆ ಹಾಡುತ್ತಾ ಹೋದಳು. ಹಾಡು ಮುಗಿಯಿತು. ಕೊನೆಗೆ ಅವನು ರೆಕಾರ್ಡರಿನ ಗುಂಡಿ ಒತ್ತಿದ ಸದ್ದು: ಟಕ್.

ಅವಳು ಆ ಕೊನೆಯನ್ನು ಮಾತ್ರ ಇನ್ನೊಮ್ಮೆ ಹಾಕಿದಳು. ಮತ್ತೆ ಇನ್ನೊಮ್ಮೆ. ಸಾವಿರ ಹಾಡುಗಳಲ್ಲಿ ಎಲ್ಲೂ ತನ್ನ ಧ್ವನಿ ಬಿಡದ ಮನುಷ್ಯ ಇಲ್ಲಿ ಒಂದು ಬೆರಳಿನಷ್ಟು ಸಿಕ್ಕಿಬಿದ್ದಿದ್ದ.

ಜೇಮ್ಸ್ ಮರುದಿನ ಖಾಲಿ ಕ್ಯಾಸೆಟ್ ತಂದ. ಜೊತೆಗೆ, ತಪ್ಪು ಮಾಡಿದವನ ಮುಖ ಮತ್ತು ಒಂದು ಚೀಲ ಬಂಗುಡೆ.

"ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ರೆ ಆಗೂದಿಲ್ವಾ ವೊನಿ? ಡಿಜೆಯವನೇ ಹಾಕ್ತಾನೆ."

"ಅವರು ಕೊಟ್ಟದ್ದು ರೆಕಾರ್ಡರ್ ಮತ್ತು ಕ್ಯಾಸೆಟ್. ಹಿಂದೆ ಕೊಡೂದೂ ಅದನ್ನೇ."

"ಆ ಕುಕ್ಕರಿನ ಸದ್ದು ತೆಗೆದುಕೊಡ್ತೇನೆ. ಎರಡು ನಿಮಿಷದ ಕೆಲಸ. ಆ ನಗೆ ಕೂಡ."

"ನೀನು ಲ್ಯಾಪ್‌ಟಾಪ್ ಮುಟ್ಟಿದ್ರೆ ಈ ಬಂಗುಡೆಯಲ್ಲೇ ಹೊಡೀತೇನೆ. ಅಡುಗೆಮನೆಗೆ ಹೋಗಿ ಕೂತುಕೋ. ಮಾಂಯ್ ಕುಕ್ಕರ್ ಇಡದ ಹಾಗೆ ನೋಡಿಕೋ."

ಒಳಗಿನಿಂದ ವೆರೊನಿಕಾ ಹೇಳಿದರು: "ಎಲ್ಲ ಕೇಳ್ತದೆ ನನಗೆ. ಜೇಮ್ಸ್, ಬಾ ಇಲ್ಲಿ. ಸುಮ್ಮನೆ ಕೂರೂದಕ್ಕಿಂತ ಕಾಯಿ ತುರಿ. ಸದ್ದು ಮಾಡದೆ."

ಲವಿಟಾ ಫ್ಯಾನ್ ಆರಿಸಿ ಬಾಗಿಲು ಹಾಕಿದಳು. ಲ್ಯಾಪ್‌ಟಾಪಿನ ಮುಂದೆ ರೆಕಾರ್ಡರ್ ಇಟ್ಟು, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು. ಹಾಡು ಮುಗಿಯುವ ತನಕ ತಾನೇ ಉಸಿರು ಬಿಗಿಹಿಡಿದು ಕುಳಿತಳು. ಹಾಡಿನೊಳಗೆ ಕುಕ್ಕರ್ ಕೂಗಿದಾಗ ಓಡಲಿಲ್ಲ. ಆ ಹೆಂಗಸು ನಕ್ಕಾಗ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಕೊನೆಯ ಟಕ್ ಆದ ಮೇಲೆ ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದಳು.

ಶುಕ್ರವಾರ ಮಧ್ಯಾಹ್ನ ಮಣಿಪಾಲದಲ್ಲಿ ಅವನು ಕಾಯುತ್ತಿದ್ದ ಕಡೆಯೇ ನಿಂತು ಕಾರ್ಕಳದ ಬಸ್ಸು ಹತ್ತಿದಳು. ರೆಕಾರ್ಡರನ್ನು ಮೈಕಿನ ಹಳೆಯ ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಪರ್ಕಳ ದಾಟಿತು, ಹಿರಿಯಡ್ಕ ದಾಟಿತು. ಬೈಲೂರಿನ ತಿರುವುಗಳಲ್ಲಿ ಚೀಲವನ್ನು ತಬ್ಬಿ ಹಿಡಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕೈಗೆ ಆ ಅಭ್ಯಾಸ ಇತ್ತು. ಜೋಡುರಸ್ತೆಯಲ್ಲಿ ಇಳಿದು ನಡೆದಳು.

ಒಲಿಂಡಾ ಬಾಯಿಯ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಅವಳನ್ನು ಕಂಡು ಕೆಲಸದವರ ಮಾತು ತಗ್ಗಿತು. ಮುದುಕಿ ಅವಳ ಕೈ ಹಿಡಿದು ನೇರ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಬಿಸಿಲಲ್ಲಿ ಬಂದೆಯಲ್ಲ ಬಾಯೆ. ಇಟ್ಟುಕೋ ಅಂತ ಹೇಳಿದ್ದೆನಲ್ಲ ನಾನು."

"ರೋಸಿನ ಮೊದಲು ಹಿಂದೆ ಕೊಡ್ತೇನೆ ಅಂತ ಅವ ಹೇಳಿದ್ದ," ಎಂದು ಲವಿಟಾ ರೆಕಾರ್ಡರನ್ನು ಹೊರಗೆ ತೆಗೆದು ಮಂಚದ ಮೇಲೆ ಇಟ್ಟಳು. "ಕ್ಯಾಸೆಟ್ ಒಳಗೆ ಉಂಟು. ಹಾಕಿ ನೋಡಿ."

ಒಲಿಂಡಾ ಬಾಯಿ ಕನ್ನಡಕ ಹುಡುಕಲಿಲ್ಲ. ಬೆರಳಿಗೆ ಗುಂಡಿ ಎಲ್ಲಿದೆ ಎಂದು ಗೊತ್ತಿತ್ತು.

ಅಪ್ಪ ಕೆಮ್ಮಿದರು. ಒಲಿಂಡಾ ಬಾಯಿ ಕಣ್ಣು ಮುಚ್ಚಿದರು. ಅಮ್ಮ ಮೊದಲ ಚರಣ ಎತ್ತಿಕೊಂಡಳು. ಮುದುಕಿಯ ತುಟಿ ಬಿಗಿದೇ ಇತ್ತು, ಗಂಟಲು ಮಾತ್ರ ಒಳಗೊಳಗೆ ಕದಲುತ್ತಿತ್ತು. ಅಷ್ಟರಲ್ಲಿ ಸೀಟಿ ಕೂಗಿತು. ಅವರು ಕಣ್ಣು ಬಿಟ್ಟರು.

"ನನ್ನ ಅಮ್ಮನ ಮನೆಯಲ್ಲಿ ಕುಕ್ಕರ್ ಎಲ್ಲಿತ್ತು ಬಾಯೆ?"

"ಅದು ನಮ್ಮದು."

"ಮತ್ತೆ ಇದು ಯಾರು ನಗೂದು?"

"ನಾನು," ಎಂದಳು ಲವಿಟಾ. "ತೆಗೀಬಹುದಿತ್ತು. ತೆಗೀಲಿಲ್ಲ. ನಿಮಗೆ ಬೇಡಾಂತಾದ್ರೆ ನಾಳೆ ಬೇರೆ ಮಾಡಿ ತರ್ತೇನೆ."

"ಹುಚ್ಚಾ ನಿನಗೆ? ಯಾರೂ ನಗದಿದ್ರೆ ಅದು ಎಂತ ರೋಸ್?" ಒಲಿಂಡಾ ಬಾಯಿ ಅವಳನ್ನು ತುಸು ಹೊತ್ತು ನೋಡಿದರು. "ಭಾನುವಾರ ನೀನು ಬರಲಿಕ್ಕಿಲ್ಲ ಅಂತ ನನಗೆ ಗೊತ್ತುಂಟು. ಬಾ ಅಂತ ಹೇಳ್ಲಿಕ್ಕೂ ಆಗೂದಿಲ್ಲ ನನಗೆ. ಇದಾದರೂ ಇರಲಿ."

ಎರಡನೇ ಚರಣ ಶುರುವಾಯಿತು. ಈಗ ಮುದುಕಿಯ ಬಾಯಿ ತೆರೆಯಿತು. ತಾಯಿಯ ಧ್ವನಿಯ ಪಕ್ಕದಲ್ಲಿ ಮಗಳ ಧ್ವನಿ, ಅದಕ್ಕಿಂತ ಮುದಿಯಾದದ್ದು, ನಡುಗುತ್ತಾ ಕೂತುಕೊಂಡಿತು. ಹೊರಗೆ ಚಪ್ಪರದವರ ಸುತ್ತಿಗೆ ನಿಂತಿತು. ಲವಿಟಾಳಿಗೆ ಗೊತ್ತಿದ್ದದ್ದು ಅರ್ಧ ಹಾಡು ಮಾತ್ರ. ಆ ಅರ್ಧ ಬಂದಾಗ ಅವಳ ತುಟಿಯೂ ಕದಲಿತು.

ಹಾಡು ಮುಗಿದು ಟಕ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಟಕ್.

"ಇದೆಂತ ಎರಡು ಸಲ?"

"ಮೊದಲನೇದು ಅವ ಒತ್ತಿದ್ದು. ಎರಡನೇದು ನಾನು."

ಒಲಿಂಡಾ ಬಾಯಿ ಹಿಂದಕ್ಕೆ ತಿರುಗಿಸಿ ಆ ಕೊನೆಯನ್ನು ಮತ್ತೊಮ್ಮೆ ಕೇಳಿದರು. ಆಮೇಲೆ ಕ್ಯಾಸೆಟ್ ತೆಗೆಯದೆ, ರೆಕಾರ್ಡರಿಗೆ ತಮ್ಮ ಒಂದು ಟವಲು ಹೊದಿಸಿ, ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟರು.

"ಸಿಮಿತ್ರಿಗೆ ಹೋಗ್ತಿಯಲ್ಲ ಅವನ ಸಮಾಧಿಗೆ ಮೊಂಬತ್ತಿ ಇಡ್ಲಿಕ್ಕೆ," ಎಂದರು ಬೆನ್ನು ಹಾಕಿಯೇ. "ಮಿಷನ್ ಬಂದು ಮುಟ್ಟಿತು ಅಂತ ಹೇಳು ಅವನಿಗೆ."

"ಹೇಳ್ತೇನೆ," ಎಂದಳು ಲವಿಟಾ, ಖಾಲಿ ಚೀಲವನ್ನು ಮಡಚುತ್ತಾ.